ರೇಷ್ಮೆ ಹುಳುವಿನಲ್ಲಿ ಜೀವಕೋಶದ ಸಾವು ತಡೆಯುವ ಜೀನ್: ಅದರ ಕೆಲಸ ತೋರಿಸಿಕೊಡುವುದು ಹೇಗೆ?

ನೂಲೆಳೆ

ಎಲ್ಲರಿಗೂ ನಮಸ್ಕಾರ. ರೇಷ್ಮೆ ಕೃಷಿ ವಿಜ್ಞಾನದಲ್ಲಿ ಸಂಶೋಧನೆಗೆ ಸೇರಿದ್ದೇನೆ. ನನಗೆ ಸಿಕ್ಕಿರುವ ವಿಷಯ ಹಿಪ್ಪುನೇರಳೆ ರೇಷ್ಮೆ ಹುಳುವಿನ ಬಿಎಂಐಎಪಿ ಎಂಬ ಜೀನ್. ಜೀವಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವ ಕ್ರಿಯೆಗೆ ಅಪಾಪ್ಟೋಸಿಸ್ ಅನ್ನುತ್ತೇವಲ್ಲ, ಅದನ್ನು ತಡೆಯುವ, ಐಎಪಿ ಎಂಬ ಗುಂಪಿಗೆ ಸೇರಿದ ಪ್ರೋಟೀನನ್ನು ಈ ಜೀನ್ ತಯಾರಿಸುತ್ತದೆ.

2001ರಲ್ಲಿ ಈ ಜೀನನ್ನು ಮೊದಲು ಬೇರ್ಪಡಿಸಿ ವಿವರಿಸಿದರು. ಆ ಪ್ರೋಟೀನಿನಲ್ಲಿ ಎರಡು ಬಿಐಆರ್ ಭಾಗ, ತುದಿಯಲ್ಲಿ ಒಂದು ರಿಂಗ್ ಭಾಗ ಇದೆ. ಬ್ಯಾಕುಲೋವೈರಸ್ ಎಂಬ ಕೀಟದ ವೈರಸ್ಸಿನಲ್ಲಿ ಜೀವಕೋಶದ ಸಾವು ತಡೆಯುವ ಪಿ35 ಜೀನ್ ಇದೆ; ಅದಿಲ್ಲದ ವೈರಸ್ ತಗುಲಿದರೆ ಎಸ್‌ಎಫ್-21 ಎಂಬ ಸ್ಪೊಡಾಪ್ಟೆರ ಪತಂಗದ ಜೀವಕೋಶಗಳು ಸಾಯುತ್ತವೆ. ಬಿಎಂಐಎಪಿ ಕೊಟ್ಟಾಗ ಆ ಸಾವು ತಪ್ಪಿತು. ಅದಕ್ಕೆ ಬಿಐಆರ್ ಮತ್ತು ರಿಂಗ್ ಎರಡೂ ಬೇಕು ಎಂದೂ ಅಲ್ಲಿ ತೋರಿಸಿದ್ದಾರೆ.

ನನ್ನ ಯೋಜನೆ ಹೀಗಿದೆ: ಜೀನನ್ನು ಕ್ಲೋನ್ ಮಾಡುವುದು, ಬಿಎಂಎನ್ ಎಂಬ ರೇಷ್ಮೆ ಹುಳುವಿನ ಜೀವಕೋಶಗಳಲ್ಲಿ ಹೆಚ್ಚು ಪ್ರಮಾಣದಲ್ಲಿ ತಯಾರಾಗುವಂತೆ ಮಾಡುವುದು, ಆಮೇಲೆ ಆಕ್ಟಿನೋಮೈಸಿನ್ ಡಿ, ಅತಿನೇರಳೆ ಕಿರಣ, ಹಾಲು ತೊಂಡೆ ರೋಗ ತರುವ ಬಿಎಂಎನ್‌ಪಿವಿ ವೈರಸ್ ಮೂರರಿಂದಲೂ ಸಾವಿಗೆ ತಳ್ಳಿ ಎಷ್ಟು ಉಳಿಯುತ್ತವೆ ಎಂದು ನೋಡುವುದು. ಇಷ್ಟು ಮಾಡಿದರೆ "ಈ ಜೀನಿನ ಕೆಲಸ ಇದು" ಎಂದು ಬರೆಯಬಹುದೇ? ಜೀವಕೋಶ ಕೃಷಿ ಮಾಡಿದವರು, ಹುಳು ಸಾಕಿದವರು ಇಬ್ಬರೂ ಹೇಳಿ.

ಶಿಡ್ಲಘಟ್ಟದ ತೋಟ

ಮೇಡಂ, ನಾನು ಹುಳು ಮೇಯಿಸೋನು. ಓದಿದ್ದು ಕಮ್ಮಿ, ಆದ್ರೆ ಹಾಲು ತೊಂಡೆ ಅಂದ್ರೆ ಏನೂಂತ ಚೆನ್ನಾಗಿ ಗೊತ್ತು. ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದು, ಸೊಪ್ಪೆಲ್ಲ ತಿಂದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನೋ ಹೊತ್ತಿಗೆ ಮೈ ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ರಸ ಸೋರಿ ತಟ್ಟೆಗಟ್ಟಲೆ ಹೋಗ್ತವೆ. ಸೊಪ್ಪಿನ ದುಡ್ಡೂ ಹೋಯ್ತು, ಆಳಿನ ಕೂಲಿಯೂ ಹೋಯ್ತು.

ಈ ಜೀನು ಸಾವನ್ನ ತಡೆಯುತ್ತೆ ಅಂತೀರಲ್ಲ. ಇದನ್ನೇ ಜಾಸ್ತಿ ಇರೋ ಹಾಗೆ ಹುಳು ಮಾಡಿಕೊಟ್ರೆ ಹಾಲು ತೊಂಡೆ ನಿಲ್ಲುತ್ತಾ? ಅಷ್ಟು ಹೇಳಿ ಸಾಕು.

ಪೆಟ್ರಿ ತಟ್ಟೆ

ಅಣ್ಣಾ, ಈ ಇಡೀ ವಿಷಯದ ಗಂಟು ಇರೋದೇ ನೀವು ಕೇಳಿದ ಪ್ರಶ್ನೆಯಲ್ಲಿ. ಉತ್ತರ: ನಿಲ್ಲುವುದಿಲ್ಲ. ಇನ್ನೂ ಜಾಸ್ತಿ ಆಗುವ ಸಂಭವವೂ ಇದೆ.

ಇಲ್ಲಿ ಎರಡು ಸಾವು ಇವೆ: ಹುಳುವಿನದೊಂದು, ಹುಳುವಿನ ಮೈಯೊಳಗಿನ ಒಂದೊಂದು ಜೀವಕೋಶದ್ದು ಇನ್ನೊಂದು. ವೈರಸ್ ಹೊಕ್ಕ ಜೀವಕೋಶ ತಕ್ಷಣ ಸತ್ತರೆ ಹುಳುವಿಗೆ ಲಾಭ. ಯಾಕೆಂದರೆ ಎನ್‌ಪಿವಿ ವೈರಸ್‌ಗೆ ಬೆಳೆಯಲು ಸಮಯ ಬೇಕು. ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ತನ್ನ ಡಿಎನ್‌ಎ ನಕಲು ಮಾಡಬೇಕು, ಪಕ್ಕದ ಜೀವಕೋಶಗಳಿಗೆ ಹರಡಬೇಕು, ಕೊನೆಗೆ ಪಾಲಿಹೆಡ್ರಾ ಎಂಬ ಹರಳುಗಳಲ್ಲಿ ತನ್ನನ್ನು ತಾನು ತುಂಬಿಕೊಳ್ಳಬೇಕು. ನೀವು ನೋಡುವ ಹಾಲಿನಂಥ ರಸ ಆ ಹರಳುಗಳಿಂದಲೇ ಬೆಳ್ಳಗಿರುವುದು. ಕಣಜ ತುಂಬುವ ಮೊದಲೇ ಮನೆಗೆ ಬೆಂಕಿ ಬಿದ್ದರೆ ಕಳ್ಳನಿಗೆ ಏನು ಸಿಗುತ್ತದೆ? ಅದಕ್ಕೇ ವೈರಸ್ ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಜೀವಕೋಶ ಸಾಯದಂತೆ ನೋಡಿಕೊಳ್ಳುವುದು.

ಇದು ಊಹೆಯ ಮಾತಲ್ಲ. ಕೀಟದ ಜೀವಕೋಶದ ಸಾವು ತಡೆಯುವ ಜೀನ್ ಮೊದಲು ಸಿಕ್ಕಿದ್ದೇ ವೈರಸ್ಸಿನಲ್ಲಿ. 1991ರಲ್ಲಿ ಕ್ಲೆಮ್, ಫೆಕ್‌ಹೈಮರ್ ಮತ್ತು ಮಿಲ್ಲರ್ ಅಮೆರಿಕದಲ್ಲಿ ಬ್ಯಾಕುಲೋವೈರಸ್ಸಿನ ಪಿ35 ಜೀನನ್ನು ತೋರಿಸಿದರು. ಅದನ್ನು ಕಳೆದುಕೊಂಡ ವೈರಸ್ ಹೊಕ್ಕರೆ ಎಸ್‌ಎಫ್-21 ಜೀವಕೋಶಗಳು ಚೂರುಚೂರಾಗಿ ಸಾಯುತ್ತಿದ್ದವು, ವೈರಸ್ಸಿನ ಇಳುವರಿಯೂ ಬಿದ್ದುಹೋಗುತ್ತಿತ್ತು. ಎರಡು ವರ್ಷದ ನಂತರ, 1993ರಲ್ಲಿ, ಸೇಬಿನ ಕಾಯಿಕೊರಕಕ್ಕೆ ತಗಲುವ ಗ್ರಾನುಲೋವೈರಸ್ಸಿನಲ್ಲಿ ಮೊಟ್ಟಮೊದಲ ಐಎಪಿ ಸಿಕ್ಕಿತು. ಮನುಷ್ಯರಲ್ಲಿ, ನೊಣದಲ್ಲಿ, ರೇಷ್ಮೆ ಹುಳುವಿನಲ್ಲಿ ಐಎಪಿ ಹುಡುಕಿದ್ದೆಲ್ಲ ಆಮೇಲೆ. ನಮ್ಮ ಹಾಲು ತೊಂಡೆಯ ವೈರಸ್ಸಿನಲ್ಲೂ ಪಿ35 ಇದೆ. 1993ರಲ್ಲೇ ಸುಸುಮು ಮಾಯೆದಾ ಅವರ ತಂಡ ಅದನ್ನು ಗುರುತಿಸಿದೆ.

ಹಾಗಾಗಿ ಬಿಎಂಐಎಪಿ ಹೆಚ್ಚಿರುವ ಹುಳು ಅಂದರೆ ವೈರಸ್ ಮಾಡಬೇಕಾದ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಮೇಷ್ಟ್ರು ಕೋಲಾರ

ತುಂಬಾ ಚೆನ್ನಾಗಿ ಹೇಳಿದಿರಿ ಸಾರ್. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ, ಒಂದು ಸಂದೇಹ. ಒಂದೇ ಬಗೆಯ ಜೀನ್ ವೈರಸ್ಸಿನಲ್ಲೂ ಹುಳುವಿನಲ್ಲೂ ಇದೆಯಲ್ಲ, ಮೂಲ ಯಾರದು?

ಪೆಟ್ರಿ ತಟ್ಟೆ

ಐಎಪಿ ಮಟ್ಟಿಗೆ ಮೂಲ ಕೀಟದ್ದೇ ಎಂಬುದು ಒಪ್ಪಿತವಾದ ಅಭಿಪ್ರಾಯ. ಯಾವುದೋ ಕಾಲದಲ್ಲಿ ಚಿಟ್ಟೆ-ಪತಂಗಗಳ ಜಾತಿಯಿಂದ ವೈರಸ್ ಎತ್ತಿಕೊಂಡಿದೆ. ಎಸ್‌ಎಫ್ ಜೀವಕೋಶದ ಸ್ವಂತ ಐಎಪಿಯನ್ನು ವೈರಸ್ಸಿಗೆ ತೊಡಿಸಿದರೆ ಅದು ವೈರಸ್ ಐಎಪಿಯ ಜಾಗದಲ್ಲಿ ಕೆಲಸ ಮಾಡುತ್ತದೆ ಎಂದು 2010ರಲ್ಲಿ ತೋರಿಸಿದ್ದಾರೆ. ಪಿ35ರ ರೀತಿ ಬೇರೆ. ಜೀವಕೋಶವನ್ನು ಕೊಲ್ಲುವ ಕ್ಯಾಸ್ಪೇಸ್ ಎಂಬ ಕಿಣ್ವ ಅದನ್ನು ಕತ್ತರಿಸಲು ಬಂದು ಅದರಲ್ಲೇ ಸಿಕ್ಕಿಕೊಂಡು ನಿಷ್ಕ್ರಿಯವಾಗುತ್ತದೆ.

ಹಣ್ಣಿನ ನೊಣ

ನೂಲೆಳೆ ಅವರೇ, ನಾನು ಡ್ರಾಸೊಫಿಲ ನೊಣದ ಮೇಲೆ ಕೆಲಸ ಮಾಡುವವನು, ಸದ್ಯ ಹೊರದೇಶದಲ್ಲಿದ್ದೇನೆ. ನಿಮ್ಮ ಯೋಜನೆಯಲ್ಲಿ ಅರ್ಧ ಭಾಗವೇ ಇಲ್ಲ ಎಂದು ನೇರವಾಗಿ ಹೇಳುತ್ತೇನೆ, ಬೇಸರ ಬೇಡ.

ಒಂದು ಜೀನನ್ನು ಅತಿಯಾಗಿ ತಯಾರಿಸಿ "ಸಾವು ಕಡಿಮೆಯಾಯಿತು" ಎಂದರೆ ಗೊತ್ತಾಗುವುದು ಇಷ್ಟೇ: ಆ ಪ್ರೋಟೀನಿಗೆ ಸಾವು ತಡೆಯುವ ಸಾಮರ್ಥ್ಯ ಇದೆ. ಅದು 2001ರಲ್ಲೇ ಗೊತ್ತಾಗಿದೆ. ರೇಷ್ಮೆ ಹುಳು ತನ್ನ ದೇಹದಲ್ಲಿ, ಸಹಜ ಪ್ರಮಾಣದಲ್ಲಿ, ಅದನ್ನು ಅದಕ್ಕೇ ಬಳಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಜೀನನ್ನು ತೆಗೆದು ನೋಡಬೇಕು.

ನೊಣದಲ್ಲಿ ನಡೆದದ್ದು ನೋಡಿ. ನೊಣದ ಐಎಪಿಯಾದ ಡಿಐಎಪಿ1 ಸಿಕ್ಕಿದ್ದು 1995ರಲ್ಲಿ. ಆಗ ಎಲ್ಲರೂ ಅದನ್ನು ಸಾವಿನ ಸೂಚನೆ ಬಂದಾಗ ಅಡ್ಡ ಹಾಕುವ ಪ್ರೋಟೀನ್ ಎಂದೇ ನೋಡಿದರು. 2002ರ ಸುಮಾರಿಗೆ ಹಲವು ಗುಂಪುಗಳು ಎಸ್2 ಎಂಬ ನೊಣದ ಜೀವಕೋಶಗಳಲ್ಲಿ ಆರ್‌ಎನ್‌ಎಐ (ಜೋಡಿ ಎಳೆಯ ಆರ್‌ಎನ್‌ಎ ಹಾಕಿ ಜೀನನ್ನು ಅಡಗಿಸುವ ವಿಧಾನ) ಮೂಲಕ ಡಿಐಎಪಿ1 ಇಳಿಸಿದವು. ಬೇರೆ ಯಾವ ವಿಷವೂ ಇಲ್ಲ, ಕಿರಣವೂ ಇಲ್ಲ. ಆದರೂ ಜೀವಕೋಶಗಳು ತಾವಾಗಿಯೇ ಸತ್ತವು. ಅಂದರೆ ಡ್ರಾಂಕ್ ಎಂಬ ಕ್ಯಾಸ್ಪೇಸ್ ಸದಾ ಚಾಲೂ ಆಗುತ್ತಲೇ ಇರುತ್ತದೆ, ಡಿಐಎಪಿ1 ಅದನ್ನು ಸದಾ ಹಿಡಿದಿಡುತ್ತಿರುತ್ತದೆ. ಆರೋಗ್ಯವಾಗಿರುವ ಜೀವಕೋಶ ಬದುಕಿರುವುದೇ ಆ ಹಿಡಿತದಿಂದ. ಬರೀ ಅತಿಯಾಗಿ ತಯಾರಿಸಿ ನೋಡಿದ್ದರೆ ಈ ಸಂಗತಿ ಎಂದಿಗೂ ಹೊರಬರುತ್ತಿರಲಿಲ್ಲ.

ರೇಷ್ಮೆ ಹುಳುವಿನಲ್ಲಿ ಬಿಎಂಐಎಪಿ ಹೀಗೆಯೇ ಸದಾ ಹಿಡಿದಿರುವ ಪ್ರೋಟೀನೋ, ಅಥವಾ ಕಷ್ಟ ಬಂದಾಗ ಮಾತ್ರ ಮೇಲೇಳುವುದೋ? ನಿಮ್ಮ ಪ್ರಬಂಧಕ್ಕೆ ಇದು ಯೋಗ್ಯ ಪ್ರಶ್ನೆ.

ನೂಲೆಳೆ

ಬೇಸರ ಏನೂ ಇಲ್ಲ, ಇದಕ್ಕೇ ಕೇಳಿದ್ದು. ಆದರೆ ಪತಂಗಗಳಲ್ಲಿ ಆರ್‌ಎನ್‌ಎಐ ನೊಣ ಮತ್ತು ಜೀರುಂಡೆಗಳಷ್ಟು ಸಲೀಸಾಗಿ ಆಗುವುದಿಲ್ಲ ಎಂದು ಎಲ್ಲ ಕಡೆ ಓದುತ್ತಿದ್ದೇನೆ. ಜೋಡಿ ಎಳೆಯ ಆರ್‌ಎನ್‌ಎಯನ್ನು ಮಾಧ್ಯಮಕ್ಕೆ ಸುರಿದರೆ ಎಸ್2 ಜೀವಕೋಶ ತಾನೇ ನುಂಗುತ್ತದೆ, ಬಿಎಂಎನ್ ನುಂಗುವುದಿಲ್ಲ. ನಮ್ಮ ಪ್ರಯೋಗಾಲಯದ ಮಿತಿಯಲ್ಲಿ ಏನು ಸಾಧ್ಯ?

ಪೆಟ್ರಿ ತಟ್ಟೆ

ನುಂಗುವುದಿಲ್ಲ, ನಿಜ. ಅದಕ್ಕೆ ಜಪಾನಿನವರು ಒಂದು ದಾರಿ ಕಂಡುಕೊಂಡರು. ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ ದುಂಡುಹುಳುವಿನ ಸಿಡ್-1 ಎಂಬ ಜೀನ್ ಆರ್‌ಎನ್‌ಎಯನ್ನು ಜೀವಕೋಶದ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅದನ್ನು ಬಿಎಂಎನ್4 ಜೀವಕೋಶಕ್ಕೆ ಸೇರಿಸಿದರು. ಆ ಬಿಎಂಎನ್4-ಸಿಡ್1 ಜೀವಕೋಶಗಳಲ್ಲಿ ಮಾಧ್ಯಮಕ್ಕೆ ಹಾಕಿದ ಆರ್‌ಎನ್‌ಎಯೇ ಸಾಕು. ಅದು ಸಿಕ್ಕದಿದ್ದರೆ ಟ್ರಾನ್ಸ್‌ಫೆಕ್ಷನ್ ಮಾಡಿ, ಅಂದರೆ ಒಂದು ದ್ರವದ ನೆರವಿನಿಂದ ಆರ್‌ಎನ್‌ಎಯನ್ನು ಒಳಕ್ಕೆ ಸೇರಿಸಿ. ದುಡ್ಡು ಹೆಚ್ಚು ಹೋಗುತ್ತದೆ, ಟ್ರಾನ್ಸ್‌ಫೆಕ್ಷನ್ ದ್ರವವೇ ಸ್ವಲ್ಪ ಜೀವಕೋಶ ಕೊಲ್ಲುತ್ತದೆ. ಸಾವನ್ನೇ ಅಳೆಯುವ ಪ್ರಯೋಗದಲ್ಲಿ ಅದು ದೊಡ್ಡ ತೊಡಕು. ಹಾಗಾಗಿ ದ್ರವ ಮಾತ್ರ ಹಾಕಿದ ತಟ್ಟೆ ಒಂದು, ಹುಳುವಿಗೆ ಸಂಬಂಧವೇ ಇಲ್ಲದ ಜಿಎಫ್‌ಪಿಯ ಜೋಡಿ ಎಳೆ ಆರ್‌ಎನ್‌ಎ ಹಾಕಿದ ತಟ್ಟೆ ಇನ್ನೊಂದು, ಪ್ರತಿ ಸಲವೂ ಇರಲೇಬೇಕು.

ಇನ್ನು ಕೆಲವು ಮಾತು. ಇವನ್ನು ಯಾರೂ ಮೊದಲೇ ಹೇಳುವುದಿಲ್ಲ, ಪ್ರಬಂಧ ಪರೀಕ್ಷೆಗೆ ಹೋದಾಗ ಕೇಳುತ್ತಾರೆ.

ಜೀನಿನ ಒಂದಕ್ಕೊಂದು ತಾಗದ ಎರಡು ಭಾಗಗಳಿಗೆ ಎರಡು ಬೇರೆ ಆರ್‌ಎನ್‌ಎ ಮಾಡಿ. ಎರಡರಲ್ಲೂ ಒಂದೇ ಫಲಿತಾಂಶ ಬಂದರೆ ನಂಬಬಹುದು. ಆಮೇಲೆ ಆರ್‌ಎನ್‌ಎಐ ತಗುಲದಂತೆ ಅಕ್ಷರ ಬದಲಿಸಿದ, ಆದರೆ ಅದೇ ಪ್ರೋಟೀನ್ ಕೊಡುವ ಬಿಎಂಐಎಪಿಯನ್ನು ವಾಪಸ್ ಹಾಕಿ. ಜೀವಕೋಶ ಉಳಿದರೆ ಸಾವಿಗೆ ಕಾರಣ ಬಿಎಂಐಎಪಿಯ ಕೊರತೆಯೇ ಎಂದು ಗಟ್ಟಿಯಾಗುತ್ತದೆ. ವಾಪಸ್ ಹಾಕುವಾಗ ರಿಂಗ್ ಕೆಡಿಸಿದ್ದು, ಬಿಐಆರ್ ಕೆಡಿಸಿದ್ದು, ಎರಡನ್ನೂ ಹಾಕಿ ನೋಡಿ. 2001ರವರು ಅತಿಯಾಗಿ ತಯಾರಿಸಿ ನೋಡಿದ್ದನ್ನು ನೀವು ಸಹಜ ಪ್ರಮಾಣದಲ್ಲಿ ನೋಡಿದಂತಾಗುತ್ತದೆ. ನಿಮ್ಮ ಕೆಲಸ ಹೊಸದಾಗುವುದು ಅಲ್ಲಿ.

ಎಂಆರ್‌ಎನ್‌ಎ ಅಳೆದು ನಿಲ್ಲಿಸಬೇಡಿ. ಐಎಪಿ ಪ್ರೋಟೀನುಗಳ ಆಯುಷ್ಯ ಬಹಳ ಕಡಿಮೆ. ರಿಂಗ್ ಭಾಗ ಯೂಬಿಕ್ವಿಟಿನ್ ಅಂಟಿಸುವ ಕಿಣ್ವ, ತನ್ನನ್ನೂ ನಾಶಕ್ಕೆ ಗುರುತು ಮಾಡಿಕೊಳ್ಳುತ್ತದೆ. ಎಸ್‌ಎಫ್ ಜೀವಕೋಶಕ್ಕೆ ವೈರಸ್ ಹೊಕ್ಕಾಗ ಜೀವಕೋಶದ ಐಎಪಿ ಪ್ರೋಟೀನ್ ಬೇಗ ಖಾಲಿಯಾಗುತ್ತದೆ ಎಂದು ಫ್ರೀಸನ್ ಅವರ ಗುಂಪು ತೋರಿಸಿದೆ. ಎಂಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಪ್ರತಿಕಾಯ ಮಾಡಿಸಲು ದುಡ್ಡಿಲ್ಲದಿದ್ದರೆ ಜೀನಿಗೆ ಒಂದು ಗುರುತಿನ ತುಣುಕು ಜೋಡಿಸಿ, ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಅಂತೂ ಮಾಡಿ.

ಹಣ್ಣಿನ ನೊಣ

ಆ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ನೂಲೆಳೆ ಅವರ ಪಟ್ಟಿಯಲ್ಲಿರುವ ಆಕ್ಟಿನೋಮೈಸಿನ್ ಡಿ ಹೊಸ ಎಂಆರ್‌ಎನ್‌ಎ ತಯಾರಿಯನ್ನೇ ನಿಲ್ಲಿಸುತ್ತದೆ. ಆಯುಷ್ಯ ಕಡಿಮೆಯಿರುವ ಐಎಪಿ ತಾನಾಗಿಯೇ ಮುಗಿದುಹೋಗುತ್ತದೆ. ಅಂದರೆ ಆ ಔಷಧಿ ಕೊಲ್ಲುವ ರೀತಿಯಲ್ಲೇ ಐಎಪಿಯ ಪಾತ್ರ ಇರಬಹುದು. ಅತಿನೇರಳೆ ಕಿರಣದ ದಾರಿ ಬೇರೆ, ಅಲ್ಲಿ ಡಿಎನ್‌ಎ ಹಾನಿ ಮೊದಲು. ಮೂರೂ ಪ್ರಚೋದನೆಗಳನ್ನು ಒಂದೇ ಸ್ತಂಭಚಿತ್ರದಲ್ಲಿ ಪಕ್ಕಪಕ್ಕ ನಿಲ್ಲಿಸಿ "ಎಲ್ಲದರಲ್ಲೂ ಸಾವು ಕಡಿಮೆ" ಎಂದು ಬರೆದರೆ ವಿಷಯ ಕೆಡುತ್ತದೆ. ಒಂದೊಂದರ ಬಗ್ಗೆಯೂ ಪ್ರತ್ಯೇಕವಾಗಿ ಯೋಚಿಸಿ.

ಹಾಗೆಯೇ ಸಾವನ್ನು ಗುರುತಿಸಲು ಒಂದೇ ಪರೀಕ್ಷೆ ಸಾಲದು. ಸತ್ತ ಜೀವಕೋಶಕ್ಕೆ ಹತ್ತುವ ಟ್ರಿಪಾನ್ ಬ್ಲೂ ಬಣ್ಣದಿಂದ ನೀಲಿ ಹಿಡಿದದ್ದೆಲ್ಲ ಅಪಾಪ್ಟೋಸಿಸ್ ಅಲ್ಲ, ಒಡೆದು ಸತ್ತದ್ದೂ ನೀಲಿಯೇ. ಡಿಇವಿಡಿ ತುಣುಕನ್ನು ಕತ್ತರಿಸುವ ಕ್ಯಾಸ್ಪೇಸ್ ಚಟುವಟಿಕೆ ಅಳೆಯಿರಿ, ಡಿಎನ್‌ಎ ಏಣಿಯಂತೆ ತುಂಡಾಗಿದೆಯೇ ನೋಡಿ. ಐಎಪಿ ಇಳಿಸಿದ ಜೀವಕೋಶಗಳನ್ನು ಪಿ35 ಹಾಕಿ ಬದುಕಿಸಲು ಆಗುತ್ತದೆಯೇ ಎಂದು ನೋಡುವುದು ನನ್ನ ಪ್ರಕಾರ ಅತ್ಯಂತ ಚೊಕ್ಕವಾದ ಪರೀಕ್ಷೆ. ಬದುಕಿದರೆ ಸಾವು ಕ್ಯಾಸ್ಪೇಸ್ ಮೂಲಕವೇ ಬಂತು ಎಂದಾಯಿತು.

ಹಳೇ ಚಾಕಿ

ನಾನು ರೇಷ್ಮೆ ಇಲಾಖೆಯಲ್ಲಿ ಸೇವೆ ಮಾಡಿ ನಿವೃತ್ತನಾದವನು. ಇಲ್ಲಿನ ಚರ್ಚೆ ಓದಿ ಸಂತೋಷವಾಯಿತು. ಆದರೆ ಇಷ್ಟು ಹೊತ್ತೂ ತಟ್ಟೆಯೊಳಗಿನ ಜೀವಕೋಶದ ಮಾತೇ ಆಯಿತು, ಹುಳುವಿನ ಮಾತು ಬರಲಿಲ್ಲ.

ಅಮ್ಮಾ ನೂಲೆಳೆ, ಯಾವ ದಿನದ ಹುಳು, ಯಾವ ಅಂಗಾಂಶ ಎನ್ನುವುದನ್ನು ಮೊದಲು ತೀರ್ಮಾನ ಮಾಡು. ರೇಷ್ಮೆ ಹುಳುವಿನ ದೇಹದಲ್ಲಿ ಜೀವಕೋಶದ ಸಾವು ರೋಗದಿಂದ ಮಾತ್ರ ಬರುವುದಲ್ಲ, ಅದು ಅದರ ಜೀವನಚಕ್ರದ ಭಾಗ. ಹಣ್ಣಾದ ಹುಳು ಚಂದ್ರಿಕೆ ಹತ್ತಿ ಗೂಡು ಕಟ್ಟಿ ಮುಗಿಸುತ್ತದೆ. ಪ್ಯೂಪ ಆಗುವ ಹೊತ್ತಿಗೆ ಅಷ್ಟು ದೊಡ್ಡ ರೇಷ್ಮೆ ಗ್ರಂಥಿ ಕರಗಿ ಹೋಗುತ್ತದೆ. ಎಕ್ಡೈಸೋನ್ ಹಾರ್ಮೋನಿನ ಮಟ್ಟ ಏರಿದಾಗ ಬರುವ ಆಜ್ಞೆ ಅದು. ಕರುಳಿನ ಒಳಪದರವೂ ಆಗಲೇ ಬದಲಾಗುತ್ತದೆ. ಐದನೇ ಹಂತದ ಮೂರನೇ ದಿನದ ಗ್ರಂಥಿ ತೆಗೆದರೆ ಒಂದು ಉತ್ತರ, ಗೂಡು ಕಟ್ಟುವಾಗ ತೆಗೆದರೆ ಇನ್ನೊಂದು ಉತ್ತರ ಬರುತ್ತದೆ. ಎರಡೂ ಸರಿಯೇ.

ಅದಕ್ಕೇ ದಿನದ ಲೆಕ್ಕ ಸಾಲದು ಎನ್ನುತ್ತೇನೆ. ಒಂದೇ ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಬಂದ ಹುಳುಗಳನ್ನೇ ತಗೊ. ಎಲ್ಲವೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಎದ್ದಿರಬೇಕು. ಹಿಂದೆ ಬಿದ್ದವನ್ನು ಬೇರೆ ಇಡು. ಸೊಪ್ಪು ಒಂದೇ ತೋಟದ್ದು, ಒಂದೇ ಎಲೆಯ ವಯಸ್ಸಿನದು ಇರಲಿ. ಉಷ್ಣಾಂಶ ಮತ್ತು ತೇವ ಪ್ರತಿದಿನ ಬರೆದಿಡು. ಬೇಸಿಗೆಯಲ್ಲಿ ಮನೆ ಕಾದರೆ ಹುಳು ಬಳಲುತ್ತದೆ, ಆ ಬಳಲಿಕೆಯೇ ನಿನ್ನ ಜೀನಿನ ಮಟ್ಟ ಬದಲಿಸಬಹುದು.

ಇನ್ನೊಂದು ಮುಖ್ಯ ಮಾತು. ಹಾಲು ತೊಂಡೆಯ ಸೋಂಕು ಒಳಗೇ ಇದ್ದು ಹೊರಗೆ ಏನೂ ಕಾಣದ ಹುಳುಗಳು ಎಷ್ಟೋ ಇರುತ್ತವೆ. ನೀನು "ಆರೋಗ್ಯವಂತ ಗುಂಪು" ಎಂದು ಬೇರೆ ಇಟ್ಟದ್ದರಲ್ಲೇ ವೈರಸ್ ಇದ್ದರೆ ಹೋಲಿಕೆಯೇ ಬಿದ್ದುಹೋಯಿತು. ಸೂಕ್ಷ್ಮದರ್ಶಕದಲ್ಲಿ ಪಾಲಿಹೆಡ್ರಾ ಕಾಣಲಿಲ್ಲ ಎಂದು ಬಿಡಬೇಡ, ವೈರಸ್ಸಿನ ಡಿಎನ್‌ಎಗೆ ಪಿಸಿಆರ್ ಮಾಡು. ಹುಳುವಿನ ನಡೆಯೂ ನೋಡು. ಸೋಂಕು ತಗುಲಿದ್ದು ಜ್ವರಕ್ಕೆ ಕೂರುವುದಿಲ್ಲ, ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆಯುತ್ತದೆ. ರೈತರು ತಲೆಮಾರುಗಳಿಂದ ಕಂಡಿರುವ ಲಕ್ಷಣ ಇದು. ಆ ಅಲೆದಾಟಕ್ಕೆ ವೈರಸ್ಸಿನ ಪಿಟಿಪಿ ಎಂಬ ಜೀನ್ ಕಾರಣ ಎಂದು 2005ರಲ್ಲಿ ಬಿಎಂಎನ್‌ಪಿವಿಯಲ್ಲೇ ತೋರಿಸಿದ್ದಾರೆ.

ಶಿಡ್ಲಘಟ್ಟದ ತೋಟ

ಸಾರ್ ಹೇಳಿದ್ದು ಸತ್ಯ. ಅಂಚಿಗೆ ಬಂದ ಹುಳು ಕಂಡ್ರೆ ನಮ್ಮನೆಯವಳು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕ್ತಾಳೆ.

ಈಗ ಇನ್ನೊಂದು ಕೇಳ್ತೀನಿ. ಗೂಡು ಕಟ್ಟಿದ ಮೇಲೆ ಗ್ರಂಥಿ ಸಾಯುತ್ತೆ ಅಂದ್ರಿ. ಆ ಸಾವನ್ನ ಈ ಜೀನು ತಡೆದ್ರೆ ಗ್ರಂಥಿ ಇನ್ನಷ್ಟು ದಿನ ಬದುಕಿ ಇನ್ನಷ್ಟು ನೂಲು ಕೊಡಲ್ವಾ? ರೋಗಕ್ಕೆ ಆಗದಿದ್ರೆ ಇದಕ್ಕಾದ್ರೂ ಆಗಲಿ.

ನೂಲೆಳೆ

ಅಣ್ಣಾ, ಇದನ್ನು ನಾನೂ ಯೋಚಿಸಿದ್ದೆ, ಆಮೇಲೆ ಓದಿ ನೋಡಿದೆ. ನೂಲು ನಿಲ್ಲುವುದು ಗ್ರಂಥಿ ಸಾಯುವುದಕ್ಕೂ ಮೊದಲೇ. ಹುಳು ಸೊಪ್ಪು ಬಿಟ್ಟಾಗ ಕಚ್ಚಾವಸ್ತು ಬರುವುದು ನಿಂತಿತು, ಹಾರ್ಮೋನು ಏರಿದಾಗ ನೂಲಿನ ಪ್ರೋಟೀನಾದ ಫೈಬ್ರೋಯಿನ್ ತಯಾರಿಕೆಯೂ ನಿಂತಿತು. ಆಮೇಲೆ ಗ್ರಂಥಿಯನ್ನು ಬದುಕಿಸಿಟ್ಟರೂ ಅದಕ್ಕೆ ಮಾಡಲು ಕೆಲಸವಿಲ್ಲ.

ನೂಲು ಹೆಚ್ಚಿಸಿದ ಒಂದು ಪ್ರಯೋಗ ಇದೆ, ಆದರೆ ಅದು ಸಾವು ತಡೆದು ಮಾಡಿದ್ದಲ್ಲ. 2011ರಲ್ಲಿ ಚೀನಾದ ಗುಂಪೊಂದು ಹಿಂಭಾಗದ ರೇಷ್ಮೆ ಗ್ರಂಥಿಯಲ್ಲಿ ಮಾತ್ರ ರಾಸ್ ಎಂಬ ಬೆಳವಣಿಗೆಯ ಜೀನಿನ ಸದಾ ಚುರುಕಾಗಿರುವ ರೂಪವನ್ನು ಚಾಲೂ ಮಾಡಿತು. ನೂಲಿನ ಇಳುವರಿ ಶೇ. 60ರಷ್ಟು ಏರಿತು, ತಿಂದ ಸೊಪ್ಪು ಏರಿದ್ದು ಶೇ. 20ರಷ್ಟು. ಗ್ರಂಥಿಯ ಜೀವಕೋಶಗಳ ಸಂಖ್ಯೆ ಮೊಟ್ಟೆಯೊಳಗೇ ನಿಗದಿಯಾಗಿರುತ್ತದೆ, ಹುಳು ಬೆಳೆಯುವಾಗ ಅವು ವಿಭಜನೆಯಾಗುವುದಿಲ್ಲ. ಒಳಗಿನ ಡಿಎನ್‌ಎ ಮಾತ್ರ ಮತ್ತೆ ಮತ್ತೆ ನಕಲಾಗಿ ಜೀವಕೋಶ ದೊಡ್ಡದಾಗುತ್ತದೆ. ಹಾಗಾಗಿ ಗ್ರಂಥಿ ಚೆನ್ನಾಗಿ ಬೆಳೆಯುವುದರಲ್ಲಿ ಲಾಭವಿದೆ, ಮುಪ್ಪಾದ ಮೇಲೆ ಉಳಿಸುವುದರಲ್ಲಿ ಇಲ್ಲ.

ಹಾಗಿದ್ದರೂ ಗ್ರಂಥಿ ನನ್ನ ಪ್ರಶ್ನೆಗೆ ಒಳ್ಳೆಯ ಜಾಗ ಎನ್ನಿಸುತ್ತಿದೆ. ಯಾವಾಗ ಸಾಯುತ್ತದೆ ಎಂದು ಮೊದಲೇ ಗೊತ್ತಿರುವ ಅಂಗಾಂಶ ಅದು. ಆ ಹೊತ್ತಿಗೆ ಬಿಎಂಐಎಪಿ ಪ್ರೋಟೀನ್ ಇಳಿಯುತ್ತದೆಯೇ, ಐಎಪಿಯ ಹಿಡಿತ ಬಿಡಿಸುವ ಐಬಿಎಂ1 ಏರುತ್ತದೆಯೇ?

ಹಣ್ಣಿನ ನೊಣ

ಚೆನ್ನಾಗಿದೆ. ನೊಣದಲ್ಲಿ ರೀಪರ್, ಹಿಡ್, ಗ್ರಿಮ್ ಮಾಡುವ ಕೆಲಸವನ್ನು ರೇಷ್ಮೆ ಹುಳುವಿನಲ್ಲಿ ಐಬಿಎಂ1 ಮಾಡುತ್ತದೆ ಎಂದು 2009ರಲ್ಲಿ ಬಂದಿದೆ. ಎರಡನ್ನೂ ಒಟ್ಟಿಗೆ ಅಳೆದರೆ ತಕ್ಕಡಿ ಯಾವ ಕಡೆ ವಾಲಿತು ಎಂದು ತಿಳಿಯುತ್ತದೆ. ಆದರೆ ಎಚ್ಚರ: ಗ್ರಂಥಿ ಕರಗುವುದರಲ್ಲಿ ಅಪಾಪ್ಟೋಸಿಸ್ ಒಂದೇ ಅಲ್ಲ, ಜೀವಕೋಶ ತನ್ನನ್ನೇ ಜೀರ್ಣಿಸಿಕೊಳ್ಳುವ ಆಟೋಫೇಜಿಯೂ ಇದೆ. ಎಲ್ಲವನ್ನೂ ಐಎಪಿಯ ತಲೆಗೆ ಕಟ್ಟಬೇಡಿ.

ಸೀರಮ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಔಷಧಿ ತಯಾರಿಕೆಯ ಜೀವಕೋಶ ಕೃಷಿಯಲ್ಲಿದ್ದೇನೆ. ರೇಷ್ಮೆ ಹುಳುವಿನ "ಸಾವು ತಡೆಯುವ ಜೀನ್" ಎಂದರೆ ನಮ್ಮ ಕ್ಷೇತ್ರದವರಿಗೆ ನೆನಪಾಗುವುದು ಐಎಪಿ ಅಲ್ಲ, 30ಕೆ ಪ್ರೋಟೀನುಗಳು. ಕೊರಿಯಾದ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಗುಂಪು ರೇಷ್ಮೆ ಹುಳುವಿನ ರಕ್ತವನ್ನು, ಅಂದರೆ ಹೀಮೋಲಿಂಫನ್ನು, ಕೃಷಿ ಮಾಧ್ಯಮಕ್ಕೆ ಸೇರಿಸಿದಾಗ ವೈರಸ್ ತಗುಲಿದ ಕೀಟ ಜೀವಕೋಶಗಳ ಅಪಾಪ್ಟೋಸಿಸ್ ತಡವಾಗುತ್ತದೆ ಎಂದು 2000ದ ಸುಮಾರಿಗೆ ತೋರಿಸಿತು. ಆಮೇಲೆ ಅದರಲ್ಲಿರುವ 30ಕೆ ಪ್ರೋಟೀನುಗಳೇ ಕಾರಣವೆಂದು ಹಿಡಿದು, 30ಕೆಸಿ6 ಎಂಬ ಜೀನನ್ನು ಹ್ಯಾಮ್‌ಸ್ಟರಿನ ಸಿಎಚ್‌ಒ ಜೀವಕೋಶಕ್ಕೂ ಹಾಕಿದರು. ಅಲ್ಲೂ ಸಾವು ಕಡಿಮೆಯಾಯಿತು. ಔಷಧ ಪ್ರೋಟೀನ್ ತಯಾರಿಕೆಗೆ ಇದು ಬೆಲೆಬಾಳುವ ಗುಣ.

30ಕೆ ಪ್ರೋಟೀನುಗಳು ಐದನೇ ಹಂತದ ಕೊನೆಗೆ ಹೀಮೋಲಿಂಫಿನಲ್ಲಿ ಹೇರಳವಾಗಿ ತುಂಬಿಕೊಳ್ಳುತ್ತವೆ. ನೂಲೆಳೆ ಅವರಿಗೆ ಇದರಿಂದ ನೇರ ಪರಿಣಾಮ ಇದೆ. ನಿಮ್ಮ ಕೃಷಿ ಮಾಧ್ಯಮದಲ್ಲಿ ಹಳೆಯ ಪದ್ಧತಿಯಂತೆ ಹೀಮೋಲಿಂಫ್ ಬೆರೆಸುತ್ತಿದ್ದರೆ ಐಎಪಿ ಇಳಿಸಿದರೂ ಜೀವಕೋಶ ಸಾಯದೆ ಉಳಿಯಬಹುದು.

ಪೆಟ್ರಿ ತಟ್ಟೆ

ಇದು ಚಿನ್ನದಂಥ ಮಾತು. ನೂಲೆಳೆ, ಮಾಧ್ಯಮಕ್ಕೆ ಏನೇನು ಹಾಕುತ್ತೀರಿ ಎಂದು ಮೊದಲು ನೋಡಿ. ಎಳೆಗರುವಿನ ಸೀರಮ್ ಒಂದೇ ಇರಲಿ. ಅದೂ ಒಂದೇ ಬ್ಯಾಚಿನದು.

ಜೀವಕೋಶದ ಆಯ್ಕೆ ಬಗ್ಗೆಯೂ ಒಂದು ಮಾತು. ಬಿಎಂಎನ್ ಒಂದನ್ನೇ ನಂಬಬೇಡಿ. ನಾಗಪುರ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಬೆಳೆಸಿದ ಡಿಜೆಡ್‌ಎನ್‌ಯು-ಬಿಎಂ-1 ಎಂಬ ರೇಷ್ಮೆ ಹುಳುವಿನ ಜೀವಕೋಶ ಸಾಲು ಇದೆ, ಬಿಎಂಎನ್‌ಪಿವಿ ಅದಕ್ಕೆ ಸುಲಭವಾಗಿ ತಗಲುತ್ತದೆ. ಎರಡರಲ್ಲೂ ಒಂದೇ ಫಲಿತಾಂಶ ಬಂದರೆ ಅದು ಒಂದು ಜೀವಕೋಶ ಸಾಲಿನ ವಿಚಿತ್ರ ಗುಣವಲ್ಲ ಎಂದು ಹೇಳಲು ಧೈರ್ಯ ಬರುತ್ತದೆ. ಒಂದೇ ಜೀನ್ ಎರಡು ಕಡೆ ಬೇರೆ ಬೇರೆಯಾಗಿ ಕಾಣುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. ಪಿ35 ಇಲ್ಲದ ಎಸಿಎಂಎನ್‌ಪಿವಿ ಎಂಬ ಬ್ಯಾಕುಲೋವೈರಸ್ ಸ್ಪೊಡಾಪ್ಟೆರ ಪತಂಗದ ಹುಳುವನ್ನು ಕೊಲ್ಲಲು ತೀರಾ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಅದೇ ವೈರಸ್ ಟ್ರೈಕೊಪ್ಲೂಸಿಯ ಎಂಬ ಇನ್ನೊಂದು ಪತಂಗದ ಹುಳುವನ್ನು ಮಾಮೂಲಿನಂತೆಯೇ ಕೊಲ್ಲುತ್ತದೆ.

ಶಿಡ್ಲಘಟ್ಟದ ತೋಟ

ಎಲ್ಲಾ ಓದ್ತಿದ್ದೀನಿ. ಅರ್ಧ ಅರ್ಥ ಆಗ್ತಿದೆ. ಆದ್ರೆ ನಮಗೆ ರೋಗ ತಡೆಯೋ ಹುಳು ಅನ್ನೋದು ಬರೋದೇ ಇಲ್ವಾ?

ಹಣ್ಣಿನ ನೊಣ

ಬರುವ ದಾರಿ ಇದೆ, ಈ ಜೀನಿನಿಂದಲ್ಲ. ಹೈದರಾಬಾದಿನ ಸಿಡಿಎಫ್‌ಡಿ ಎಂಬ ಡಿಎನ್‌ಎ ಸಂಶೋಧನಾ ಕೇಂದ್ರದಲ್ಲಿ ಜೆ. ನಾಗರಾಜು ಅವರ ತಂಡ ಹುಳುವಿನ ಜೀನನ್ನು ಬಿಟ್ಟು ವೈರಸ್ಸಿನ ಜೀನುಗಳ ಮೇಲೆ ಕೈ ಹಾಕಿತು. 2007ರಲ್ಲಿ ವೈರಸ್ಸಿನ ಐಇ-1 ಜೀನನ್ನು ಆರ್‌ಎನ್‌ಎಐಯಿಂದ ಅಡಗಿಸುವ ಹುಳು ಮಾಡಿದರು. 2013ರಲ್ಲಿ ವೈರಸ್ಸಿಗೆ ಅತ್ಯಗತ್ಯವಾದ ಹಲವು ಜೀನುಗಳನ್ನು ಒಟ್ಟಿಗೆ ಗುರಿಮಾಡಿದ ಹುಳು ಬಂತು. ಆ ಗುಣವನ್ನು ಹೆಚ್ಚು ನೂಲು ಕೊಡುವ ತಳಿಗೂ ಸಂಕರ ಮಾಡಿ ಇಳಿಸಿದರು, ನೂಲಿನ ಗುಣ ಕೆಡಲಿಲ್ಲ. ಅದು ನಿಮ್ಮ ಮನೆಯ ತಟ್ಟೆಗೆ ಬರಬೇಕಾದರೆ ಸರ್ಕಾರದ ಜೈವಿಕ ಸುರಕ್ಷತೆಯ ಒಪ್ಪಿಗೆ ಬೇಕು.

ಅಲ್ಲಿಗೆ ಹೋಲಿಸಿದರೆ ಬಿಎಂಐಎಪಿ ಬದಲಿಸಿದ ಹುಳು ಮಾಡಲು ಹೊರಡುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಡಿಐಎಪಿ1 ಇಲ್ಲದ ನೊಣದ ಭ್ರೂಣ ಉಳಿಯುವುದೇ ಇಲ್ಲ. ರೇಷ್ಮೆ ಹುಳುವಿನಲ್ಲೂ ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ವಿಧಾನದಿಂದ ಜೀನನ್ನು ಪೂರ್ತಿ ತೆಗೆದರೆ ಮೊಟ್ಟೆಯಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು.

ಪೆಟ್ರಿ ತಟ್ಟೆ

ಇಲ್ಲಿ ನಾನು ಒಪ್ಪುವುದಿಲ್ಲ. ಮೊಟ್ಟೆಯಲ್ಲೇ ಮುಗಿದರೆ ಅದೇ ಒಂದು ಉತ್ತರ. ರೇಷ್ಮೆ ಹುಳುವಿನಲ್ಲಿ ಪಿಗ್ಗಿಬ್ಯಾಕ್ ಮೂಲಕ ಜೀನ್ ಸೇರಿಸುವುದು 2000ದಿಂದ ಇದೆ. ಬೇಕಾದ ಅಂಗಾಂಶದಲ್ಲಿ ಮಾತ್ರ ಜೀನ್ ಚಾಲೂ ಮಾಡುವ ಗಾಲ್4-ಯುಎಎಸ್ 2003ರಿಂದ, ಕ್ರಿಸ್ಪರ್ 2013ರಿಂದ ಇದೆ. ರೇಷ್ಮೆ ಗ್ರಂಥಿಯಲ್ಲಿ ಮಾತ್ರ ಬಿಎಂಐಎಪಿ ಏರಿಸಿ, ಪ್ಯೂಪ ಆಗುವಾಗ ಗ್ರಂಥಿ ಕರಗುತ್ತದೆಯೇ ಎಂದು ನೋಡಬಹುದು. ಹುಳು ಸಾಯುವುದಿಲ್ಲ, ಪ್ರಶ್ನೆಗೆ ದೇಹದೊಳಗೇ ಉತ್ತರ ಸಿಗುತ್ತದೆ. ರೈತರಿಗೆ ತಕ್ಷಣ ಏನೂ ಸಿಗದು, ನಿಜ. ಆದರೆ ವೈರಸ್ ಯಾವ ಬಾಗಿಲು ತಳ್ಳುತ್ತದೆ ಎಂದು ತಿಳಿಯದೆ ಬಾಗಿಲು ಭದ್ರ ಮಾಡಲು ಆಗುವುದಿಲ್ಲ.

ಹಣ್ಣಿನ ನೊಣ

ಗ್ರಂಥಿಯಲ್ಲಿ ಮಾತ್ರ ಏರಿಸುವುದಾದರೆ ಮತ್ತೆ ಅತಿಯಾಗಿ ತಯಾರಿಸುವ ಪ್ರಯೋಗಕ್ಕೇ ಬಂದಿರಿ. ಗ್ರಂಥಿಯಲ್ಲಿ ಮಾತ್ರ ಇಳಿಸಿ, ಸಮಯಕ್ಕೆ ಮುಂಚೆಯೇ ಕರಗುತ್ತದೆಯೇ ನೋಡಿ. ಅದಾದರೆ ನಾನು ಒಪ್ಪುತ್ತೇನೆ. ಅದೂ ಒಬ್ಬ ವಿದ್ಯಾರ್ಥಿನಿಯ ಅವಧಿಯಲ್ಲಿ ಮುಗಿಯುವ ಕೆಲಸವೇ ಎಂಬುದು ನನ್ನ ಅನುಮಾನ.

ಹಳೇ ಚಾಕಿ

ಶಿಡ್ಲಘಟ್ಟದವರೇ, ಅದು ಬರುವ ತನಕ ನಿಮ್ಮ ಕೈಯಲ್ಲಿರುವುದು ಶುಚಿತ್ವ. ಬೆಳೆ ಮುಗಿದ ಕೂಡಲೆ ಮನೆ, ತಟ್ಟೆ, ಚಂದ್ರಿಕೆ ಸೋಂಕುನಿವಾರಣೆ ಮಾಡಿ. ಪ್ರತಿ ಜ್ವರ ಎದ್ದಾಗ ಮೊದಲ ಸೊಪ್ಪಿಗೆ ಮುಂಚೆ ಸೋಂಕು ನಿವಾರಿಸುವ ವಿಜೇತ ಪುಡಿ ಹಾಕಿ. ರೋಗದ ಹುಳುವನ್ನು ಕೋಳಿಗೆ ಎಸೆಯಬೇಡಿ, ತಿಪ್ಪೆಗೂ ಹಾಕಬೇಡಿ. ಪಾಲಿಹೆಡ್ರಾ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ, ಕ್ಷಾರದಲ್ಲಿ ಕರಗುತ್ತದೆ. ನಿಮ್ಮ ಮನೆಯವರು ಸುಣ್ಣದ ನೀರಿಗೆ ಹಾಕುವುದು ಸರಿಯಾದ ಕೆಲಸ.

ನೂಲೆಳೆ

ಎಲ್ಲರ ಮಾತು ಓದಿ ಯೋಜನೆ ಬದಲಿಸಿದ್ದೇನೆ. ಮೊದಲು ಜೀನ್ ಇಳಿಸುವ ಪ್ರಯೋಗ, ಎರಡು ಜೀವಕೋಶ ಸಾಲುಗಳಲ್ಲಿ, ಯಾವ ಪ್ರಚೋದನೆಯೂ ಇಲ್ಲದೆ. ತಾವಾಗಿ ಸಾಯುತ್ತವೆಯೇ, ಪಿ35 ಬದುಕಿಸುತ್ತದೆಯೇ ಎಂದು ನೋಡುತ್ತೇನೆ. ನಂತರ ವೈರಸ್ ಹಾಕಿ ಬಿಎಂಐಎಪಿ ಪ್ರೋಟೀನಿನ ಮಟ್ಟ ಗಂಟೆಗಂಟೆಗೆ. ಅತಿಯಾಗಿ ತಯಾರಿಸುವುದು ಕೊನೆಗೆ, ಕೆಡಿಸಿದ ರೂಪಗಳ ಜೊತೆ. ಅಲ್ಲಿ ಜೀವಕೋಶ ಎಷ್ಟು ಉಳಿಯಿತು ಎನ್ನುವುದರ ಜೊತೆಗೆ ವೈರಸ್ ಎಷ್ಟು ಬೆಳೆಯಿತು ಎಂಬುದನ್ನೂ ಅಳೆಯುತ್ತೇನೆ. ಅಣ್ಣ ಕೇಳಿದ ಮೊದಲ ಪ್ರಶ್ನೆಗೆ ಅಂಕಿಅಂಶದಲ್ಲಿ ಉತ್ತರ ಅಲ್ಲಿ ಸಿಗಬೇಕು. ಹುಳುವಿನಲ್ಲಿ ಗ್ರಂಥಿಯ ಕಾಲಕ್ರಮ ಮಾತ್ರ, ಜೀನ್ ಬದಲಿಸುವುದು ಸದ್ಯಕ್ಕಿಲ್ಲ.

ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ಹುಳುವಿನ ಕಾಲು ಕತ್ತರಿಸಿ ಹೀಮೋಲಿಂಫ್ ತೆಗೆದರೆ ಕೊಳವೆಯಲ್ಲೇ ಕಪ್ಪಾಗುತ್ತದೆ. ರಕ್ತಕಣಗಳಲ್ಲೂ ಬಿಎಂಐಎಪಿ ನೋಡಬೇಕು.

ಪೆಟ್ರಿ ತಟ್ಟೆ

ಫೀನಾಲ್‌ಆಕ್ಸಿಡೇಸ್ ಕಿಣ್ವದ ಕೆಲಸ ಅದು. ಕೊಳವೆಗೆ ಮೊದಲೇ ಸ್ವಲ್ಪ ಫಿನೈಲ್‌ಥಯೋಯೂರಿಯ ಹಾಕಿಡಿ, ಕೊಳವೆ ಮಂಜುಗಡ್ಡೆಯ ಮೇಲಿರಲಿ, ತಕ್ಷಣ ನಿಧಾನ ವೇಗದಲ್ಲಿ ತಿರುಗಿಸಿ ಕಣ ಬೇರ್ಪಡಿಸಿ. ಕಣಗಳನ್ನು ಮತ್ತೆ ಕೃಷಿಗೆ ಹಾಕುವುದಿದ್ದರೆ ಆ ರಾಸಾಯನಿಕ ಹೋಗುವಂತೆ ಚೆನ್ನಾಗಿ ತೊಳೆಯಿರಿ, ಅದು ವಿಷ. ಕೈಗವಸು ಮರೆಯಬೇಡಿ.

ಶಿಡ್ಲಘಟ್ಟದ ತೋಟ

ಮೇಡಂ, ಹಾಲು ತೊಂಡೆ ಬಂದ ಹುಳು ಬೇಕಿದ್ರೆ ಹೇಳಿ. ಬೇಸಿಗೆ ಬೆಳೆಯಲ್ಲಿ ಒಂದಷ್ಟು ಬಂದೇ ಬರ್ತವೆ. ಸುಣ್ಣಕ್ಕೆ ಹಾಕೋ ಬದಲು ಡಬ್ಬಿಗೆ ಹಾಕಿ ಐಸ್ ಇಟ್ಟು ಕೊಡ್ತೀನಿ, ಯಾವ ದಿನ ಎದ್ದ ಹುಳು ಅಂತ ಮೇಲೆ ಬರೆದೂ ಇಡ್ತೀನಿ.